ಕಡಲೆ ಮಾರುತ್ತಿದ್ದ ರಾಜಮಾತೆ

ರೋಮಿನಲ್ಲಿ ಚಕ್ರವರ್ತಿ ಸತ್ತ ಸುದ್ದಿ ಆಫ್ರೊಡಿಸಿಯಾಸ್ ಎಂಬ ದೂರದ ಊರಿಗೆ ಬಂದ ದಿನ ಎಲ್ಲರಿಗಿಂತ ಹೆಚ್ಚು ಅತ್ತವನು ಹಿಪ್ಸಿಕ್ಲೀಸ್. ಸತ್ತವನು ದೇಶದ್ರೋಹಿ, ಅವನ ಹೆಸರಾಗಲಿ ಮುಖವಾಗಲಿ ಎಲ್ಲೂ ಉಳಿಯಕೂಡದು ಎಂಬ ಆಜ್ಞೆ ಬೆನ್ನಿಗೇ ಬಂತು. ಆಗ ಎಲ್ಲರಿಗಿಂತ ಜೋರಾಗಿ ಕ್ಯಾಕರಿಸಿ ಉಗಿದವನೂ ಅವನೇ. ಕಣ್ಣೀರು ಇನ್ನೂ ಗಡ್ಡದಲ್ಲಿ ಒಣಗಿರಲಿಲ್ಲ.

ಅವನು ಊರಿನ ಮಹಾಪುರೋಹಿತ. ಅವನು ಪೂಜಿಸುತ್ತಿದ್ದದ್ದು ಊರಿನ ಹಳೆಯ ದೇವಿ ಅಫ್ರೊದಿತೆಯನ್ನಲ್ಲ, ಚಕ್ರವರ್ತಿಗಳನ್ನು. ಅಪ್ಪ ಎಣ್ಣೆ ವ್ಯಾಪಾರದಲ್ಲಿ ದುಡಿದದ್ದನ್ನು ಮಗ ಹೋರಿ ಬಲಿಕೊಟ್ಟು ಹೊಗೆಯಲ್ಲಿ ಕಳೆದು ಗಳಿಸಿದ ಪದವಿ. ಹಬ್ಬದ ದಿನ ಅವನ ತಲೆಯ ಮೇಲೆ ಚಿನ್ನದ ಕಿರೀಟ ಏರುತ್ತಿತ್ತು. ಅದರ ಸುತ್ತ ಹೆಬ್ಬೆಟ್ಟಿನ ಗಾತ್ರದ ಚಕ್ರವರ್ತಿ ತಲೆಗಳು. ಅಷ್ಟು ಸಾಲದೆಂದು ಕಿರೀಟ ಸಮೇತ ತನ್ನದೇ ಅಮೃತಶಿಲೆಯ ಪ್ರತಿಮೆ ಮಾಡಿಸಿ ಚೌಕದಲ್ಲಿ ನಿಲ್ಲಿಸಿಕೊಂಡಿದ್ದ. ಕಡೆದವಳು ಅಮ್ಮಿಯಾ. ಕಡೆಯುವಷ್ಟೂ ಕಾಲ ಅವನು ಪಕ್ಕದಲ್ಲೇ ಕೂತು, ಹೊಟ್ಟೆ ಒಂಚೂರು ಒಳಗೆ ಹಾಕು, ಇನ್ನೊಂಚೂರು, ಎನ್ನುತ್ತಿದ್ದ. ಕೊನೆಗೆ ಕಲ್ಲಿನಲ್ಲಿ ನಿಂತವನಿಗೆ ಹೊಟ್ಟೆಯೇ ಇರಲಿಲ್ಲ.

ಅಪ್ಪ ಪೆರಿತಾಸ್ ಬಿಟ್ಟುಹೋದ ಶಿಲ್ಪಶಾಲೆಯನ್ನು ಅಮ್ಮಿಯಾ ನಡೆಸುತ್ತಿದ್ದಳು. ಗಂಡ ಸತ್ತ ಮೇಲೆ ಉಳಿ ಹಿಡಿದ ಹೆಂಗಸೆಂದು ಊರು ಮೊದಮೊದಲು ಮೂಗು ಮುರಿಯಿತು. ಆಮೇಲೆ ಅವಳ ಬಾಯಿಗೆ ಹೆದರಿ ಸುಮ್ಮನಾಯಿತು. ದೊರೆಗಳು ಬದಲಾದಾಗೆಲ್ಲ ತಲೆ ಬದಲಿಸುವುದು ಆ ಊರಿನ ಶಿಲ್ಪಿಗಳಿಗೆ ನಿತ್ಯದ ಕೆಲಸ. ಮೈ ಹಾಗೇ ಇರುತ್ತದೆ. ಕತ್ತಿನ ಗುಣಿಯಿಂದ ಹಳೆಯ ತಲೆ ಕಿತ್ತು ಹೊಸದು ಕೂರಿಸಿದರಾಯಿತು. ಅದೇ ಎದೆಗೆ, ಅದೇ ಮಂಡಿಗೆ ಮತ್ತೆ ಧೂಪ ಹಾಕುವ ಜನರನ್ನು ಕಂಡು ಅಮ್ಮಿಯಾಳಿಗೆ ನಗು ಬರುತ್ತಿತ್ತು. ನಗುವಿನ ಹಿಂದೆಯೇ ಅಸಹ್ಯವೂ ಬರುತ್ತಿತ್ತು.

ಆದರೆ ಈ ಸಲದ ಕೆಲಸಕ್ಕೆ ಅವಳಿಗೆ ನಗು ಬರಲಿಲ್ಲ. ಚಕ್ರವರ್ತಿಗಳ ಗುಡಿಯ ಮುಂದಿನ ಕಂಬಸಾಲಿನಲ್ಲಿ ಒಂದು ಉಬ್ಬುಶಿಲ್ಪವಿತ್ತು. ಸತ್ತ ಚಕ್ರವರ್ತಿ ಎದೆಯುಬ್ಬಿಸಿ ನಿಂತಿದ್ದ, ಅವನ ಕಾಲ ಬಳಿ ಸೋತ ದ್ವೀಪವೊಂದು ಹೆಂಗಸಿನ ರೂಪದಲ್ಲಿ ಮಂಡಿಯೂರಿತ್ತು, ಅವನ ಮುಷ್ಟಿಯಲ್ಲಿ ಅವಳ ತಲೆಗೂದಲು. ಕಡೆದವನು ಪೆರಿತಾಸ್. ಆ ದ್ವೀಪದವರು ಹೇಗಿರುತ್ತಾರೋ ಅವನಿಗಿರಲಿ, ಮಾಡಿಸಿದವರಿಗೂ ಗೊತ್ತಿರಲಿಲ್ಲ. ಹಾಗಾಗಿ ಹೆಂಡತಿ ತಾತಿಯಾಳನ್ನೇ ಅಂಗಳದಲ್ಲಿ ಮಂಡಿಯೂರಿಸಿ ಕಡೆದಿದ್ದ. ಸಂತೆಯಲ್ಲಿ ಹುರಿದ ಕಡಲೆ ಮಾರುತ್ತಿದ್ದ ಅವಳ ಗಲ್ಲದ ಮೇಲೆ ಬಾಣಲೆ ತಗುಲಿ ಆದ ಗಾಯದ ಗೆರೆಯಿತ್ತು. ಅದನ್ನೂ ಬಿಡದೆ ಕಡೆದಿದ್ದ. "ನನ್ನ ಜುಟ್ಟು ಹಿಡ್ಯೋಕೆ ಈ ಬೀದೀಲಿ ಯಾರೂ ಇರ್ಲಿಲ್ವಾ? ರೋಮಿಂದಾನೇ ಬರ್ಬೇಕಿತ್ತಾ?" ಎಂದು ತಾತಿಯಾ ನಕ್ಕಿದ್ದಳಂತೆ. ಮುಂದಿನ ಚಳಿಗಾಲಕ್ಕೆ ಜ್ವರ ಬಂದು ತೀರಿಕೊಂಡಳು. ಆಗ ಅಮ್ಮಿಯಾ ಚಿಕ್ಕವಳು. ತಾಯಿಯ ಮುಖ ನೋಡಬೇಕೆಂದರೆ ಲೋಕದಲ್ಲಿ ಅದೊಂದೇ ಕಲ್ಲು ಇತ್ತು, ಅದೂ ಒಬ್ಬ ನೀಚನ ಮುಷ್ಟಿಯಲ್ಲಿ.

ಹಿಪ್ಸಿಕ್ಲೀಸ್ ಸಭೆಯ ನಾಲ್ಕಾರು ಹಿರಿಯರನ್ನು ಬೆನ್ನಿಗೆ ಕಟ್ಟಿಕೊಂಡು ಆ ಕಲ್ಲಿನ ಮುಂದೆ ನಿಂತ.

"ನೋಡಮ್ಮ, ಮೇಲಿನ ತಲೆ ತೆಗ್ದು ಹೊಸ ದೊರೆ ಮುಖ ಮಾಡು. ಹೊಸಬ್ರು ಗೆದ್ದಿರೋದು ಪೂರ್ವದ ಕುದುರೆ ಸವಾರರ್ನ. ಈ ಹೆಂಗ್ಸು ಈಗ ಬೇಡ, ಇವಳನ್ನ ಗಂಡಸು ಮಾಡು."

"ಹೆಂಗೆ ಸ್ವಾಮಿ? ಗಡ್ಡ ಎಲ್ಲಿಂದ ತರ್ಲಿ? ಕಲ್ಲು ಬೆಳೆಯಲ್ಲ."

"ಕೆನ್ನೆ ಮೇಲೆ ಕೂದ್ಲು ಬಿದ್ದಿದೆಯಲ್ಲ, ಅದನ್ನೇ ಗಡ್ಡ ಮಾಡು. ಮೂಗು ಕೆತ್ತಿ ಒಂಚೂರು ಗಿಡ್ಡ ಮಾಡು. ಸೋತೋರ ಮೂಗು ಇಷ್ಟು ನೆಟ್ಟಗಿರ್ಬಾರ್ದು."

ಅಮ್ಮಿಯಾಳ ಮೈ ಉರಿಯಿತು. ಇದು ನನ್ನಮ್ಮ ಎಂದರೆ ಆತ ಹಲ್ಲು ಕಿರಿದು, ಇನ್ನೊಬ್ಬ ಶಿಲ್ಪಿಯ ಕೈಗೆ ಉಳಿ ಕೊಡುತ್ತಿದ್ದ. ಅವನಿಗೆ ದುಃಖ ಅರ್ಥವಾಗದು, ಭಯ ಮಾತ್ರ ಅರ್ಥವಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ದೊರೆ ತನ್ನ ಸತ್ತ ತಾಯಿಯನ್ನು ದೇವತೆಯೆಂದು ಸಾರಿದ ಸುದ್ದಿ ಆಗಷ್ಟೇ ಬಂದಿತ್ತು. ಆಕೆಯ ಚಿತ್ರ ಮಾತ್ರ ಇನ್ನೂ ಹಡಗಿನಲ್ಲಿತ್ತು.

"ಮಾಡ್ತೀನಿ ಸ್ವಾಮಿ," ಎಂದಳು. "ಆದ್ರೆ ಒಂದು ಮಾತು. ಕರಾವಳಿ ವ್ಯಾಪಾರಿಯೊಬ್ಬ ರಾಜಮಾತೆ ಚಹರೆ ವರ್ಣಿಸ್ತಿದ್ದ. ನೆಟ್ಟಗಿನ ಮೂಗು, ಗಲ್ಲದ ಮೇಲೆ ಗೆರೆ. ನಂಗ್ಯಾಕೋ ಈ ಮುಖಾನೇ ನೆನಪಾಯ್ತು. ನೀವು ಇವ್ರೆಲ್ಲರ ಮುಂದೆ 'ಇದರ ಮೂಗು ಒಡಿ' ಅನ್ನಿ, ಈಗ್ಲೇ ಒಡೀತೀನಿ. ಯಾರಾದ್ರೂ ಕೇಳಿದ್ರೆ ಹಿಪ್ಸಿಕ್ಲೀಸ್ ಸ್ವಾಮಿಗಳು ಹೇಳಿದ್ರು ಅಂತೀನಿ."

ಹಿರಿಯರು ಒಬ್ಬೊಬ್ಬರೇ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದರು. ಹಿಪ್ಸಿಕ್ಲೀಸ್ ಕಲ್ಲನ್ನು ಮತ್ತೆ ನೋಡಿದ, ಬಗ್ಗಿ ನೋಡಿದ, ಆಮೇಲೆ ಕಣ್ಣರಳಿಸಿದ.

"ನಾನು ಮೊದ್ಲೇ ಅಂದ್ಕೊಂಡಿದ್ದೆ! ಈ ಕಳೆ ಸೋತ ದ್ವೀಪದ್ದಲ್ಲ. ಪಕ್ಕದ ಊರು ಲಾವೊದಿಕೇಯದೋರು ರಾಜಮಾತೆಗೆ ಗುಡಿ ಕಟ್ಟೋ ಹೊತ್ತಿಗೆ ನಮ್ಮೂರಲ್ಲಿ ಆಕೆ ಆಗ್ಲೇ ನೆಲೆಸಿರ್ತಾಳೆ. ಹೊಟ್ಟೆ ಉರ್ಕೊಳ್ಲಿ!"

"ಮತ್ತೆ ಮಗ ತಾಯಿ ಜುಟ್ಟು ಹಿಡ್ಕೊಂಡಿದಾನಲ್ಲ ಸ್ವಾಮಿ?"

"ಜುಟ್ಟು ಹಿಡ್ದಿಲ್ಲ. ತಲೆ ಮೇಲೆ ಹೂವಿನ ಕಿರೀಟ ಇಡ್ತಿದಾನೆ. ಬಿಡಿಸಿ ತೋರ್ಸು."

"ಮಂಡಿಯೂರಿದಾಳೆ?"

"ಕೂತಿದಾಳೆ. ಕೆಳಗೆ ಒಂದು ಪೀಠ ಕೆತ್ತು. ಎಲ್ಲಾನೂ ನಾನೇ ಹೇಳ್ಬೇಕಾ?"

ಅಮ್ಮಿಯಾ ಮೇಲಿನ ತಲೆಗೆ ಹೊಸ ದೊರೆಯ ಮುಖ ಕೊಟ್ಟು, ಆ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು. ಅಷ್ಟು ವರ್ಷ ಹಿಡಿದಿದ್ದ ಹಿಡಿತ ಸಡಿಲವಾಯಿತು, ಕೂದಲು ಭುಜದ ಮೇಲೆ ಇಳಿಯಿತು, ಬೆರಳುಗಳ ನಡುವೆ ಹೂವು ಮೂಡಿತು. ಮೂಗನ್ನಾಗಲಿ ಗಲ್ಲದ ಗೆರೆಯನ್ನಾಗಲಿ ಅವಳು ಮುಟ್ಟಲಿಲ್ಲ. ಕೆಲಸ ಮುಗಿದ ದಿನ ಕಲ್ಲಿನ ಕೆನ್ನೆಗೆ ಕೆನ್ನೆಯಿಟ್ಟು ಅತ್ತಳು. ಅವಳಿಗೆ ಹಾಗೆ ಸಂತೋಷವಾದದ್ದು ಗಂಡ ಹೋದ ಮೇಲೆ ಅದೇ ಮೊದಲು.

ಅಲ್ಲಿಂದ ಮುಂದೆ ಊರಿಗೆ ಊರೇ ತಾತಿಯಾಳಿಗೆ ಅಡ್ಡಬಿತ್ತು. ಹಿಪ್ಸಿಕ್ಲೀಸ್ ಪಾತ್ರೆಗಟ್ಟಲೆ ದ್ರಾಕ್ಷಾರಸ ಸುರಿದ. ಮಕ್ಕಳಾಗದವರು ಹರಕೆ ಹೊತ್ತರು, ಮಕ್ಕಳೂ ಆದವು. ಬದುಕಿದ್ದಾಗ ಅಳತೆಯಲ್ಲಿ ಒಂದು ಹಿಡಿ ಕಮ್ಮಿಯಾಯಿತೆಂದು ತಾತಿಯಾಳ ಬುಟ್ಟಿ ಒದ್ದಿದ್ದ ಮುದುಕನೊಬ್ಬ ದಿನಾ ಬಂದು ಅವಳ ಪಾದಕ್ಕೆ ಜೇನುರೊಟ್ಟಿ ಇಟ್ಟುಹೋಗುತ್ತಿದ್ದ. ರೋಮಿನಿಂದ ಬಂದ ನಿಜವಾದ ಚಿತ್ರದಲ್ಲಿ ರಾಜಮಾತೆಗೆ ದಪ್ಪ ಮೂಗು, ಮಡಿಕೆ ಬಿದ್ದ ಗಲ್ಲ. ಅದನ್ನು ನೋಡಿದ ಹಿಪ್ಸಿಕ್ಲೀಸ್, ಬಿಡಿಸಿದವನ ಕೈ ಪಳಗಿಲ್ಲ ಎಂದು ಪೆಟ್ಟಿಗೆಗೆ ಹಾಕಿ ಬೀಗ ಜಡಿದ.

ಗುರುತು ಹಿಡಿದೆನೆಂದು ಬಾಯಿ ಬಿಟ್ಟವಳು ಒಬ್ಬಳೇ, ಸಂತೆಯಲ್ಲಿ ತಾತಿಯಾಳ ಪಕ್ಕದಲ್ಲೇ ಕೂತು ಆಲಿವ್ ಮಾರುತ್ತಿದ್ದ ಆಫಿಯಾ ಅಜ್ಜಿ. ಅಮ್ಮಿಯಾಳ ಕಿವಿಯ ಹತ್ತಿರ ಬಾಯಿ ತಂದು, "ಲೇ ಹುಡ್ಗಿ, ನಿಮ್ಮಮ್ಮ ನಂಗೆ ಒಂದು ಬುಟ್ಟಿ ಕಡ್ಲೆ ಬಾಕಿ ಇಟ್ಟು ಸತ್ಳು. ಈಗ ದೇವ್ತೆ ಆಗಿದಾಳೆ, ಹೆಂಗೆ ಕೇಳ್ಲಿ?" ಎಂದಳು. ಇಬ್ಬರೂ ಕಂಬದ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಆ ಚಕ್ರವರ್ತಿಯನ್ನೂ ಅವನ ಕಾವಲುಗಾರರೇ ಕೊಂದರು. ಆಜ್ಞೆ ಬಂತು: ಅವನ ಮುಖ ಒಡೆಯಿರಿ, ಅವನ ತಾಯಿಯದನ್ನೂ ಒಡೆಯಿರಿ.

ಅಮ್ಮಿಯಾ ಮಾಡುತ್ತಿದ್ದ ಕೆಲಸ ಬಿಟ್ಟೆದ್ದಳು. ಬರೀ ಸೋತ ದ್ವೀಪವಾಗಿ ಉಳಿದಿದ್ದರೆ ತಾತಿಯಾಳನ್ನು ಈ ಆಜ್ಞೆ ಮುಟ್ಟುತ್ತಿರಲಿಲ್ಲ. ಅವಳಿಗೆ ದೊಡ್ಡ ಹೆಸರು ಕಟ್ಟಿದವಳು ತಾನೇ. ಉಳಿಯನ್ನೂ ಕೆಳಗಿಡದೆ ಮಹಾಪುರೋಹಿತನ ಮನೆಗೆ ಓಡಿದಳು.

"ಸ್ವಾಮಿ, ಅದು ರಾಜಮಾತೆ ಅಲ್ಲ. ನನ್ನಮ್ಮ, ತಾತಿಯಾ, ಕಡ್ಲೆ ಮಾರ್ತಿದ್ಳಲ್ಲ. ಆವತ್ತು ನಾನು ಸುಳ್ಳು ಹೇಳ್ದೆ. ನಿಮ್ಮ ಪೆಟ್ಟಿಗೇಲಿ ಇರೋ ಚಿತ್ರ ತೆಗ್ದು ನೋಡಿ. ನಿಮ್ಮ ಕಾಲು ಹಿಡೀತೀನಿ, ಅದನ್ನ ಬಿಟ್ಬಿಡಿ."

ಹಿಪ್ಸಿಕ್ಲೀಸ್ ತಿನ್ನುತ್ತಿದ್ದ ಅಂಜೂರವನ್ನು ತಟ್ಟೆಯಲ್ಲಿಟ್ಟ.

"ಹಂಗಾದ್ರೆ ವರ್ಷವಿಡೀ ನಾನು ಹೋರಿ ಕಡ್ದಿದ್ದು ಯಾರಿಗೆ?"

ಕಾಲು ಹಿಡಿಯಲು ಬಗ್ಗಿದವಳ ಕೈಯಿಂದ ಅವನು ಕಾಲು ಹಿಂದಕ್ಕೆಳೆದುಕೊಂಡ.

"ಕಡ್ಲೆ ಮಾರೋಳಿಗಾ? ಇದನ್ನ ನಾನು ಒಪ್ಕೊಂಡ್ರೆ ಲಾವೊದಿಕೇಯದಲ್ಲಿ ಕತ್ತೆನೂ ನನ್ನ ನೋಡಿ ನಗುತ್ತೆ. ಅದು ರಾಜಮಾತೆ. ನಾನು ಪೂಜೆ ಮಾಡಿದೀನಿ ಅಂದ್ರೆ ಅದು ರಾಜಮಾತೆನೇ. ಹೋಗು, ಸುತ್ತಿಗೆ ತಗೊಂಡ್ ಬಾ. ನೀನೇ ಒಡೀಬೇಕು."

ಕಂಬಸಾಲಿನಲ್ಲಿ ಜನ ಸೇರಿದ್ದರು. ಅಮ್ಮಿಯಾ ಸುತ್ತಿಗೆಯನ್ನು ನೆಲಕ್ಕೆ ಹಾಕಿ ಕೂಗಿದಳು.

"ಇವಳು ತಾತಿಯಾ! ನಿಮ್ಮಲ್ಲಿ ಅರ್ಧ ಜನ ಇವಳ ಕೈಯಿಂದ ಕಡ್ಲೆ ತಿಂದು ಬೆಳ್ದೋರು. ಸರಿಯಾಗಿ ನೋಡಿ! ಆಫಿಯಾ ಅಜ್ಜಿ, ನೀನು ಹೇಳು. ಈ ಮುಖ ಯಾರ್ದು?"

ಅಜ್ಜಿ ಹಿಪ್ಸಿಕ್ಲೀಸನನ್ನು ನೋಡಿದಳು. ಅವನ ಹಿಂದೆ ನಿಂತ, ಆಜ್ಞೆ ತಂದಿದ್ದ ರೋಮಿನ ಸೈನಿಕರನ್ನು ನೋಡಿದಳು. ಆಮೇಲೆ ತನ್ನ ಆಲಿವ್ ಬುಟ್ಟಿಯನ್ನು ನೋಡಿದಳು.

"ರಾಜಮಾತೆದು," ಎಂದಳು.

ಗುಂಪು ಹೌದು ಹೌದು ಎಂದಿತು. ಜೇನುರೊಟ್ಟಿ ಇಡುತ್ತಿದ್ದ ಮುದುಕ ಎಲ್ಲರಿಗಿಂತ ಜೋರಾಗಿ, ಒಡೀರಿ ಆ ದ್ರೋಹಿ ಹೆತ್ತವಳನ್ನ, ಎಂದು ಕಿರುಚಿದ. ಅವರಲ್ಲಿ ಎಷ್ಟೋ ಮಂದಿಗೆ ಆ ಗಲ್ಲದ ಗೆರೆ ಗೊತ್ತಿತ್ತು. ಆದರೆ ಕಡಲೆಯವಳಿಗೆ ಅಡ್ಡಬಿದ್ದೆವು ಎಂದು ಒಪ್ಪುವುದಕ್ಕಿಂತ ರಾಜಮಾತೆಯನ್ನು ಒಡೆಯುವುದು ಅವರಿಗೆ ಸುಲಭವಾಗಿ ಕಂಡಿತು. ಥೂ ಇವರ ಜನ್ಮಕ್ಕೆ, ಎಂದುಕೊಂಡಳು ಅಮ್ಮಿಯಾ. ಸೈನಿಕನೊಬ್ಬ ಸುತ್ತಿಗೆಗೆ ಕೈ ಹಾಕಿದ. ಅವಳು ಅದನ್ನು ಕಿತ್ತುಕೊಂಡು ತಾನೇ ಹೊಡೆದಳು. ಅವರು ಹೊಡೆದರೆ ಹತ್ತು ಏಟು ಬೀಳುತ್ತಿದ್ದವು, ಅವಳು ಒಂದೇ ಏಟಿಗೆ ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು.

ಕೆಲವು ದಿನಗಳ ಮೇಲೆ ಹಿಪ್ಸಿಕ್ಲೀಸ್ ಏನೂ ಆಗಿಲ್ಲವೆಂಬಂತೆ ಶಿಲ್ಪಶಾಲೆಗೆ ಬಂದ. ಚೌಕದಲ್ಲಿನ ಅವನ ಪ್ರತಿಮೆಯ ಕಿರೀಟದಲ್ಲಿ ನಟ್ಟನಡುವಿನ ತಲೆ ಈಗ ಕೊಲೆಯಾದವನದು. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಅವನ ಹಿಂದಿನವನಿದ್ದ. ಕೆರೆದು ಕೆರೆದು ಅಲ್ಲಿ ಉಳಿದಿದ್ದ ಕಲ್ಲು ಒಂದು ದಪ್ಪ ಕಡಲೆ ಕಾಳಿಗಿಂತ ತುಸು ದೊಡ್ಡದು, ಅಷ್ಟೇ.

"ಈ ದೊರೆಗಳ ಸಹವಾಸ ಸಾಕಮ್ಮ. ಇವತ್ತು ಇರೋನು ನಾಳೆ ಇಲ್ಲ. ಅಲ್ಲಿ ನಮ್ಮ ಅಫ್ರೊದಿತೆ ಮುಖ ಮಾಡ್ಬಿಡು. ಆಕೇನ ಒಡೀರಿ ಅಂತ ಯಾವ ಆಜ್ಞೆನೂ ಬರಲ್ಲ."

"ಆಗ್ಲಿ ಸ್ವಾಮಿ," ಎಂದಳು ಅಮ್ಮಿಯಾ.

ಏಣಿ ಹತ್ತಿ, ಸೂಜಿಯಂಥ ಉಳಿ ಹಿಡಿದು ಕೂತಳು. ಕೆಲಸ ಮುಗಿದ ಮೇಲೆ ಹಿಪ್ಸಿಕ್ಲೀಸ್ ಕೆಳಗೆ ನಿಂತು ಕತ್ತೆತ್ತಿ ಕಣ್ಣು ಕಿರಿದು ಮಾಡಿ ನೋಡಿದ.

"ಆಹಾ, ಸಾಕ್ಷಾತ್ ದೇವಿ! ಗಲ್ಲದ ಮೇಲೆ ಅದೇನದು?"

"ಕಲ್ಲಿನ ಗೆರೆ ಸ್ವಾಮಿ. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ."

ಅವನು ಎರಡೂ ಕೈಯೆತ್ತಿ ನಮಿಸಿದ. ಅಷ್ಟರಲ್ಲಿ ಬುಟ್ಟಿ ಹೊತ್ತು ಬಂದ ಆಫಿಯಾ ಅಜ್ಜಿಯನ್ನು ಕೂಗಿ ನಿಲ್ಲಿಸಿದ. "ಅಜ್ಜಿ, ಇಲ್ಲಿ ನೋಡು, ನನ್ನ ತಲೆ ಮೇಲೆ ಯಾರು ಕೂತಿದಾರೆ ಹೇಳು!"

ಅಜ್ಜಿ ತಲೆಯೆತ್ತಿದಳು. ಗಲ್ಲದ ಗೆರೆ ಕಂಡು ಅವಳ ಕಣ್ಣು ತುಂಬಿ ಬಂತು. ಏಣಿಯ ಮೇಲಿನಿಂದ ಅಮ್ಮಿಯಾ ಅವಳನ್ನೇ ನೋಡುತ್ತಿದ್ದಳು.

"ಅಫ್ರೊದಿತೆ," ಎಂದಳು ಅಜ್ಜಿ.

ಈ ಸಲ ಅಮ್ಮಿಯಾ ಅವಳನ್ನು ಕ್ಷಮಿಸಿದಳು. ಏಣಿ ಇಳಿದು ಬಂದು ಅವಳ ಬುಟ್ಟಿಯನ್ನು ತನ್ನ ಸೊಂಟಕ್ಕೆ ಇಟ್ಟುಕೊಂಡಳು. ಊರಿನ ಮಹಾಪುರೋಹಿತ ಕಡಲೆಯವಳನ್ನು ತಲೆಯ ಮೇಲೆ ಹೊತ್ತು ಚೌಕದಲ್ಲಿ ನಿಂತಿದ್ದ. ಇಬ್ಬರು ಹೆಂಗಸರು ಸಂತೆಯ ತಿರುವು ದಾಟುವವರೆಗೂ ನಗು ತಡೆದುಕೊಂಡರು.