ವೇದಿಕೆ ಸುಟ್ಟ ಹೆಪ್ಸಿಬಾ

ಎದುರಿಗೆ ನಿಂತು ಕೂಗಿದ್ದು ಕೇಳಿಸದ ಹೆಪ್ಸಿಬಾ ಓಗ್ಡನ್‌ಗೆ ಸತ್ತವರ ಪಿಸುಮಾತು ಕೇಳಿಸುತ್ತದಂತೆ ಎಂದು ಥಾರ್ನ್‌ಕ್ಲಫ್ ಊರಿನ ಪಾದ್ರಿಗಳು ಗೇಲಿ ಮಾಡುತ್ತಿದ್ದರು. ಅವಳ ಕಿವಿಯನ್ನು ತಿಂದದ್ದು ಇಪ್ಪತ್ತೆರಡು ವರ್ಷದ ಮಗ್ಗಗಳ ಗದ್ದಲ. ಗಿರಣಿಯ ಎಲ್ಲರಂತೆ ಅವಳೂ ತುಟಿಯ ಚಲನೆಯಿಂದಲೇ ಮಾತು ಓದುತ್ತಿದ್ದಳು. ಸತ್ತವರೊಡನೆ ಸಂವಾದ ಸಾಧ್ಯವೆಂದು ನಂಬುವ ಸ್ಪಿರಿಚುವಲಿಸ್ಟ್ ಪಂಥದ ಮಂದಿರಕ್ಕೆ ಅವಳೇ ಗುರು. ತೀರಿಹೋದ ಗಂಡನ ಕೋಟು ತೊಟ್ಟು, ಅದರ ಜೇಬಿನಲ್ಲಿ ಈರುಳ್ಳಿ ತುಂಬಿಕೊಂಡು, ಲಾಳ ಬಡಿದ ಮರದ ಚಪ್ಪಲಿ ಮೆಟ್ಟಿ ದಡಬಡನೆ ವೇದಿಕೆ ಹತ್ತುವಳು.

ಮಾಲೀಕರು ಕೂಲಿ ಕಡಿದು, ಒಪ್ಪದ ನಮ್ಮನ್ನೆಲ್ಲ ಹೊರಹಾಕಿ ಗಿರಣಿಗೆ ಬೀಗ ಜಡಿದ ಚಳಿಗಾಲದಲ್ಲಿ, ಮಂದಿರದ ನೆಲಮಾಳಿಗೆಯಲ್ಲಿ ಬಟ್ಟೆ ಕುದಿಸುವ ಹಂಡೆಯಿಟ್ಟು, ನೂರನಲವತ್ತು ಮಕ್ಕಳಿಗೆ ದಿನವೂ ಬಟಾಣಿ ಮತ್ತು ಮೂಳೆಯ ಸಾರು ಕಾಯಿಸಿದಳು. ಯಾರ ಪಂಥವನ್ನೂ ಕೇಳಲಿಲ್ಲ. ಕೈ ತೊಳೆದೆಯಾ ಎಂದಷ್ಟೇ ಕೇಳುತ್ತಿದ್ದಳು.

ಹನ್ನೊಂದನೆಯ ವಾರ ಕಲ್ಲಿದ್ದಲು ಮುಗಿಯುತ್ತ ಬಂತು. ಗಿರಣಿಯ ಮ್ಯಾನೇಜರು ಬಂದು ವಾರಕ್ಕೊಂದು ಗಾಡಿ ಕಲ್ಲಿದ್ದಲು ಕಳಿಸುವುದಾಗಿ ಹೇಳಿದ. ಪ್ರತಿಯಾಗಿ ಭಾನುವಾರ ವೇದಿಕೆಯಿಂದ ನೆಲ್ ಹಾರ್ಗ್ರೀವ್ಸ್‌ಳ ಆತ್ಮ ‘ಕೆಲಸಕ್ಕೆ ಮರಳಿ’ ಎನ್ನಬೇಕು. ನೆಲ್ ಹಿಂದಿನ ಮುಷ್ಕರದ ಮುಂದಾಳು. ಮೂರು ವರ್ಷದ ಕೆಳಗೆ ಎದೆರೋಗದಿಂದ ತೀರಿದವಳು.

“ನೆಲ್ ಬಂದಿಲ್ಲ,” ಎಂದಳು ಹೆಪ್ಸಿಬಾ. “ಬಂದರೆ ಅವಳಿಗೇ ನಿಮ್ಮ ಮನೆ ವಿಳಾಸ ಕೊಡ್ತೀನಿ.”

ನೆಲ್‌ಳ ಗಂಡ ಸೆತ್ ನಮ್ಮ ಸಂಘದ ಕಾರ್ಯದರ್ಶಿ. ಮೂರು ವರ್ಷದಿಂದ ಪ್ರತಿ ಭಾನುವಾರವೂ ಕೊನೆಯ ಬೆಂಚಿನಲ್ಲಿ ಹೆಂಡತಿಯ ಒಂದು ಮಾತಿಗಾಗಿ ಕಾದವನು. ಸಮಾಧಾನಕ್ಕಾದರೂ ಹೆಪ್ಸಿಬಾ ಅವನಿಗೆ ಒಂದು ಸುಳ್ಳೂ ಆಡಿರಲಿಲ್ಲ. ಆ ಭಾನುವಾರ ಮಂದಿರ ತುಂಬಿತ್ತು, ಕೆಲಸಕ್ಕೆ ಮರಳುವುದೋ ಬೇಡವೋ ಎಂದು ಜನ ಹೊಯ್ದಾಡುತ್ತಿದ್ದರು. ಸೆತ್ ಪಕ್ಕದವನಿಗೆ, ಮಗ್ಗದ ಮನೆಯ ಅಭ್ಯಾಸದಂತೆ ಗುಟ್ಟನ್ನೂ ಬಾಯಗಲಿಸಿ, “ಹೆಪ್ಸಿಬಾ ನೆಲ್ ಹೆಸರಲ್ಲಿ ‘ಜಗ್ಗಬೇಡಿ’ ಅಂದುಬಿಟ್ಟರೆ ಸಾಕು, ಸುಳ್ಳಾದ್ರೆ ಏನೀಗ,” ಎಂದ.

ಹೆಪ್ಸಿಬಾ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

“ಸೆತ್, ನಿನ್ನ ತುಟಿ ಕಾಣ್ತಿದೆ ಕಣೋ. ಮ್ಯಾನೇಜರೂ ಇದನ್ನೇ ಕೇಳಿದ. ಅವನು ಕಲ್ಲಿದ್ದಲಾದರೂ ಕೊಡ್ತೀನಿ ಅಂದಿದ್ದ. ನೆಲ್ ಬದುಕಿದ್ದಾಗ ಯಾರು ಹೇಳಿಕೊಟ್ಟಿದ್ದನ್ನೂ ಆಡಿದವಳಲ್ಲ. ಸತ್ತ ಮೇಲೆ ಆಡಿಸೋಕೆ ನಾನ್ಯಾರು? ನಿಲ್ಲೋದು, ಬಿಡೋದು ಉಸಿರಿರೋರ ಕೆಲಸ.”

ಆಮೇಲೆ ಕೆಳಗಿಳಿದು ಬಂದು, ಮರದ ಚಪ್ಪಲಿಯಿಂದ ವೇದಿಕೆಯ ಹಲಗೆಯನ್ನು ಒದ್ದು, ಇದು ಒಣಮರ, ಹಂಡೆಯಡಿ ಎಷ್ಟು ದಿನ ಉರಿದೀತು ಎಂದು ಕೇಳಿದಳು. ಕೊನೆಯ ಬೆಂಚಿನಿಂದ ಸೆತ್ ಎದ್ದ.

“ನಾಲ್ಕು ದಿನ. ಮೆಟ್ಟಿಲೂ ಸೇರಿದರೆ ಐದು.”

ಕೊಡಲಿ ತಂದವನೂ ಅವನೇ. ವೇದಿಕೆ ಮುಗಿದಾಗ ಊರಿನವರು ತಮ್ಮ ತಮ್ಮ ಮನೆಯ ಕುರ್ಚಿ, ಕದ, ತೊಟ್ಟಿಲು ಹೊತ್ತು ತಂದರು. ಹಂಡೆ ಒಂದು ದಿನವೂ ತಣ್ಣಗಾಗಲಿಲ್ಲ. ಇನ್ನೂ ಮೂರು ವಾರ ನಿಂತೆವು. ಕಡಿದ ಕೂಲಿಯಲ್ಲಿ ಅರ್ಧ ಮರಳಿ ಪಡೆದು ಒಳಹೋದೆವು. ಅದನ್ನು ಗೆಲುವೆಂದು ಕರೆಯಲು ನಾಚಿಕೆಯಾಗುತ್ತದೆ, ಸೋಲೆನ್ನಲು ಮನಸ್ಸಿಲ್ಲ. ವೇದಿಕೆಯನ್ನು ಮತ್ತೆ ಕಟ್ಟಲು ಹೆಪ್ಸಿಬಾ ಬಿಡಲಿಲ್ಲ. ಸೆತ್ ಮುಂದಿನ ಬೆಂಚಿಗೆ ಬಂದು ಕುಳಿತ. ನೆಲ್ ಕೊನೆಗೂ ಬರಲಿಲ್ಲ.

ಇಂಥ ಹೆಂಗಸರನ್ನು ಮಾಲೀಕರು ಕೊಳ್ಳಲಾರರು, ನಮ್ಮಂಥ ಚಳವಳಿಗಾರರು ಬಳಸಿಕೊಳ್ಳಲಾರರು. ಆದ್ದರಿಂದ ಎರಡು ಕಡೆಯವರೂ ಅವರನ್ನು ಹಟಮಾರಿಗಳೆಂದೇ ಕರೆಯುತ್ತಾರೆ. ಅವರ ಸಾರು ಕುಡಿದು ಬೆಳೆದವರು ಮಾತ್ರ, ಯಾರಾದರೂ ಸತ್ತವರ ಹೆಸರಿನಲ್ಲಿ ಮಾತಾಡಲು ಎದ್ದು ನಿಂತಾಗ, ಮೊದಲು ಅವನ ತುಟಿಯನ್ನು ನೋಡುತ್ತಾರೆ.