ಎರಡು ಸಲ ಈಜಿದವನು

ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಡಲು ಅವನು ಬಗ್ಗಿದ್ದೇ ತಡ, ಸೋದರಮಾವ ಕಾಲರ್ ಹಿಡಿದು ಹಿಂದಕ್ಕೆ ಎಳೆದ.

“ಸರಿಯೋ ಆ ಕಡೆ! ಅಪ್ಪನ್ನ ನೀರುಪಾಲು ಮಾಡಿ ಈಗ ಹೊರೋಕೆ ಬಂದ, ದೊಡ್ಡ ಮಗ! ಸ್ಕೂಲು ಬಿಟ್ಟ ದಂಡಪಿಂಡ!”

ದೋಣಿಮನೆಯ ಮುಂದೆ ನೆರೆದವರ ಗುಸುಗುಸು ನಿಂತಿತು. ನಿನ್ನೆಯಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ಒಲಿಂಪಿಕ್ಸ್‌ನಲ್ಲಿ ಹುಟ್ಟು ಹಾಕಿ ಪದಕ ತಂದವನು ಮನೆಯೆದುರಿನ ಕೆರೆಯಲ್ಲಿ ಮುಳುಗುವುದೆಂದರೇನು?

“ಅಲ್ಲ, ದೋಣಿ ಮಗುಚಿದ್ರೆ ಈಜ್ಕೊಂಡು ಬರ್ತಿರಲಿಲ್ವಾ?” ಎಂದಳು ಪಕ್ಕದ ಮನೆಯಾಕೆ.

“ನಾನೂ ಅದನ್ನೇ ಕೇಳ್ತಿರೋದು,” ಎಂದ ಮಾವ. “ ದೋಣಿ ರಿಪೇರಿ ಮಾಡೋನು ಇವನೇ, ದಡದಲ್ಲಿದ್ದೋನೂ ಇವನೇ. ಏನು ಮಾಡಿಟ್ಟಿದ್ದೆ? ಬೊಗಳೋ!”

ಅವನು ಪೆಟ್ಟಿಗೆಯ ಆಚೆ ಬದಿ ನೋಡಿದ. ಅಲ್ಲಿ ಅಪ್ಪನ ಜೊತೆಗಾರ ನಿಂತಿದ್ದ. ಇಬ್ಬರ ದೋಣಿಯಲ್ಲಿ ಅಪ್ಪನ ಬೆನ್ನ ಹಿಂದೆ ಕೂತು ಅದೇ ಪದಕ ಗೆದ್ದವನು. ಜೊತೆಗಾರ ಕಣ್ಣು ತಪ್ಪಿಸಿ ಪೆಟ್ಟಿಗೆಯ ಅಂಚಿಗೆ ಕೈಯಿಟ್ಟ.

*

ಹೋದ ಬೇಸಿಗೆಯಲ್ಲಿ ದೋಣಿಗೆ ವಾರ್ನಿಷ್ ಬಳಿಯುತ್ತಾ ಅವನು ಅಪ್ಪನನ್ನು ರೇಗಿಸಿದ್ದ.

“ಸೆಕೆಗೆ ಜೀವ ಹೋಗ್ತಿದೆ, ಒಂದು ಮುಳುಗು ಹಾಕಪ್ಪ. ನೀರು ಕಂಡ್ರೆ ಬೆಕ್ಕಿನ ಥರ ಆಡ್ತೀಯ.”

ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಈಜು ಬರಲ್ಲ ಕಣೋ.”

“ಮತ್ತೆ ಪದಕ?”

“ಬೇಗ ದಡ ಸೇರ್ಬೇಕು ಅಂತ್ಲೇ ಅಷ್ಟು ಜೋರಾಗಿ ಹುಟ್ಟು ಹಾಕ್ತಿದ್ದೆ!” ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ಇಳಿಯಿತು. “ಈಜಿನ ಪರೀಕ್ಷೆ ಪಾಸಾಗದಿದ್ರೆ ದೋಣಿ ಮುಟ್ಟೋಕೂ ಬಿಡ್ತಿರಲಿಲ್ಲ. ನನ್ನ ಜೊತೆಗಾರ ಟೋಪಿ ಬದಲಾಯಿಸ್ಕೊಂಡು ಎರಡು ಸಲ ಈಜಿದ. ಒಂದು ಅವನಿಗೆ, ಒಂದು ನನಗೆ. ಗೊತ್ತಾದ್ರೆ ಇಬ್ರ ಪದಕಕ್ಕೂ ಮಸಿ. ಯಾರ ಹತ್ರನೂ ಬಾಯಿ ಬಿಡ್ಬೇಡ.”

“ಈಗ ಕಲಿ. ನಾನು ಕಲಿಸ್ತೀನಿ.”

“ಈ ವಯಸ್ಸಲ್ಲಿ ದಡದ ಹತ್ರ ಕೈಕಾಲು ಬಡೀತಿದ್ರೆ ನೋಡಿದವ್ರು ಏನಂತಾರೆ?”

*

“ಕಿವಿ ಕೇಳಿಸಲ್ವೇನೋ?” ಮಾವ ಗುಡುಗಿದ.

ಒಂದೇ ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದು ಕೆಂಡದಂತೆ ಸುಡುತ್ತಿತ್ತು. ಜೊತೆಗಾರ ಸುಣ್ಣ ಬಳಿದಂಥ ಮುಖ ಮಾಡಿಕೊಂಡು ಅವನನ್ನೇ ನೋಡುತ್ತಿದ್ದ.

ದೋಣಿ ಹೊರುವಾಗ ಮೂಳೆಗೆ ಒತ್ತದಿರಲೆಂದು ಅಪ್ಪ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಟವೆಲ್ ಅವನ ಕೈಯಲ್ಲಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಜೊತೆಗಾರನ ಹೆಗಲ ಮೇಲಿಟ್ಟು, ತಿರುಗಿ ನಡೆದ.

“ನೋಡಿ, ನೋಡಿ! ಒಂದು ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಕಲ್ಲು!”

ಅವನು ನಿಲ್ಲಲಿಲ್ಲ. ನಿನ್ನೆ ಕೆರೆಗೆ ಹಾರಿದಾಗ ಕಾಲಲ್ಲಿದ್ದ ಬೂಟುಗಳು ಇನ್ನೂ ಒಣಗಿರಲಿಲ್ಲ. ಹೆಜ್ಜೆ ಹೆಜ್ಜೆಗೂ ನೀರು ಕಕ್ಕುತ್ತಾ, ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಒದ್ದೆ ಗುರುತು ಬಿಡುತ್ತಾ ಹೋದವು.