ಟೈಲರ್ ಮಾಸ್ಟರನ ಸೊಂಟ

ಟೈಲರ್ ಮಾಸ್ಟರನ ಸೊಂಟನೋವು ನಿಜವೋ ನಾಟಕವೋ? ಅವನ ಹೆಂಡತಿಯ ತಲೆಗೆ ಈ ಹುಳ ಬಿಟ್ಟವನು ಅವಳ ತಮ್ಮ.

"ಅಕ್ಕಾ, ಭಾರ ಎತ್ತುವಾಗ ಸೊಂಟ ಹಿಡೀತು ಅಂತ ಅಂಗಡೀಲಿ ಸುಮ್ನೆ ಕೂತು ಎರಡು ವರ್ಷ ಆಯ್ತು. ಎಕ್ಸ್‌ರೇಲಿ ಏನೂ ಇಲ್ಲ, ಸ್ಕ್ಯಾನಲ್ಲೂ ಏನೂ ಇಲ್ಲ. ಭಾವ ನಿನ್ನ ಕಿವಿಗೆ ಹೂವಿಡ್ತಿದಾರೆ. ಸೋಮವಾರದಿಂದ ಕಟಿಂಗ್ ಟೇಬಲ್ ನಾನೇ ನೋಡ್ಕೋತೀನಿ ಬಿಡು."

ಅವಳಿಗೆ ಮೊದಲು ತಮ್ಮನ ಮೇಲೇ ಸಿಟ್ಟು ಬಂತು. ಆ ಟೇಬಲ್ ಇನ್ನೊಬ್ಬರ ಪಾಲಾದರೆ ಗಂಡ ಮತ್ತೆ ಮೇಲೇಳುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ತಲೆ ಹೊಕ್ಕ ಹುಳ ಸುಮ್ಮನಿರುತ್ತದೆಯೇ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಂಡನನ್ನು ಕಾಯತೊಡಗಿದಳು. ಊಟಕ್ಕೆ ಮಾತ್ರ ನೆಟ್ಟಗೆ ಕೂರುತ್ತಾನಲ್ಲ? ನಿನ್ನೆ ಹಿಡಿದುಕೊಂಡದ್ದು ಎಡಕ್ಕೋ ಬಲಕ್ಕೋ?

ಶನಿವಾರ ಸಿಕ್ಕಿಬಿದ್ದ. ಅಂಗಡಿಯ ಪರದೆಯ ಸಂದಿಯಿಂದ ಇಣುಕಿದರೆ, ಮಾಸ್ಟರ್ ಟೇಬಲ್ಲಿನ ಕೆಳಗೆ ಪೂರಾ ಬಗ್ಗಿ, ಮೂಲೆಗೆ ಉರುಳಿದ ದಾರದ ರೀಲನ್ನು ಎಳೆಯುತ್ತಿದ್ದಾನೆ. ಬಾಯಲ್ಲಿ ಹಾಡು ಬೇರೆ! ಅವಳ ಮೈ ಉರಿದುಹೋಯಿತು. ಬೆನ್ನು ತಿಕ್ಕಿದ್ದು, ಚಪ್ಪಲಿ ಹಾಕಿಕೊಟ್ಟದ್ದು ಎಲ್ಲ ನೆನಪಾಗಿ, ಇವತ್ತು ಮಾನ ತೆಗೆದುಬಿಡುತ್ತೇನೆ ಎಂದು ಒಳಗೆ ನುಗ್ಗಿದಳು.

ಬಾಯಿಂದ ಬಂದದ್ದು ಮಾತ್ರ ದಿನದ ಮಾತೇ. "ರೀ, ಹುಷಾರು! ಸೊಂಟ!"

ಮಾಸ್ಟರ್ ಇದ್ದಲ್ಲೇ ಸೆಟೆದುಕೊಂಡ. ಮುಖ ಬಿಳಿಚಿತು, ಹಣೆಯಲ್ಲಿ ಬೆವರೊಡೆಯಿತು. ನರಳುವುದನ್ನು ಯಾರಾದರೂ ನಟಿಸಬಹುದು, ಹೀಗೆ ಬೆವರುವುದನ್ನು ಹೇಗೆ ನಟಿಸುವುದು? ಅವಳಿಗೆ ತಲೆ ಕೆಟ್ಟುಹೋಯಿತು.

ಸಂಜೆ ಒಬ್ಬಳೇ, ಗಂಡನಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಒದರಿದಳು.

"ಅವರ ನೋವು ಸುಳ್ಳಲ್ಲಮ್ಮ," ಎಂದರು ಡಾಕ್ಟರಮ್ಮ. "ಸೊಂಟ ವಾಸಿಯಾಗಿದೆ, ಆದ್ರೆ ಮಿದುಳು ಇನ್ನೂ ಅದನ್ನ ನಂಬಿಲ್ಲ. ಬಗ್ಗಿದ್ರೆ ಅಪಾಯ ಅನ್ನಿಸಿದ ತಕ್ಷಣ ನೋವು ಎಬ್ಬಿಸುತ್ತೆ. ಹಾಡ್ತಾ ಮೈಮರೆತಾಗ ಆ ಭಯ ಇರ್ಲಿಲ್ಲ, ಅಷ್ಟೆ. ಮನೇಲಿ ಯಾರಾದ್ರೂ ಹುಷಾರು ಹುಷಾರು ಅಂತಿರ್ತಾರಾ?"

ಅಯ್ಯೋ, ಅದನ್ನೇ ಪ್ರೀತಿ ಅಂದುಕೊಂಡಿದ್ದಳಲ್ಲ! ಮನೆಯವರೆಗೂ ತನ್ನನ್ನು ತಾನೇ ಬೈದುಕೊಂಡು ನಡೆದಳು.

ಮರುದಿನ ಅಂಗಡಿಯಲ್ಲಿ ಮಾಸ್ಟರ್ ನೆಲದ ಮೇಲಿದ್ದ ಬಟ್ಟೆಯ ಗಂಟಿಗೆ ಕೈ ಚಾಚಿದ. ಅವಳು ತುಟಿ ಕಚ್ಚಿ ನಿಂತಳು. ಅವನು ಅರ್ಧಕ್ಕೇ ನಿಂತು ಅವಳ ಮುಖವನ್ನೇ ದಿಟ್ಟಿಸಿದ.

"ಯಾಕೆ ಇವತ್ತು ಏನೂ ಅನ್ಲಿಲ್ಲ? ಡಾಕ್ಟ್ರ ಹತ್ರ ಹೋಗಿದ್ಯಂತೆ. ನಾಟಕ ಅಂದ್ರಾ?"

"ಅವರು ಅನ್ಲಿಲ್ಲ. ನಾನೇ ಅಂದ್ಕೊಂಡಿದ್ದೆ. ಕದ್ದು ನೋಡ್ದೆ, ತಪ್ಪಾಯ್ತು ರೀ. ನೋವು ನಿಜವಂತೆ, ಭಯ ಅದನ್ನ ಹೋಗೋಕೆ ಬಿಡ್ತಿಲ್ವಂತೆ. ಆ ಭಯ ಬೆಳೆಸಿದೋಳು ನಾನೇ. ನಾಳೆ ಬರೋದು ಬೇಡ ಅಂತ ತಮ್ಮಂಗೆ ಹೇಳ್ಬಿಟ್ಟಿದೀನಿ."

ಬೈಯುತ್ತಾನೆ ಎಂದುಕೊಂಡಿದ್ದಳು. ಮಾಸ್ಟರ್ ಗಂಟಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಸಿದು ಕೂತ. ಕಣ್ಣು ತುಂಬಿತ್ತು.

"ನನಗೂ ಅದೇ ಅನುಮಾನ ಕಣೇ. ನಾನೇ ಸುಳ್ಳು ಹೇಳ್ತಿದೀನೇನೋ ಅಂತ. ನೀನು ಕದ್ದು ನೋಡಿದ್ದು ಒಂದು ದಿನ. ನಾನು ಎರಡು ವರ್ಷದಿಂದ ನನ್ನನ್ನೇ ಕದ್ದು ನೋಡ್ತಿದೀನಿ."

ಅವಳೂ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. ಹಾಗೆ ಕೂತಾಗ ಸೊಂಟ ಎಷ್ಟು ಬಗ್ಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಲೂ ಇಲ್ಲ.